ಬಾಯಲ್ಲಿ ಬಡಿದ ನಲವತ್ತು ಅಡಿ

ಮೂವತ್ತಾರನೆಯ ವಯಸ್ಸಿಗೆ ನಾನು ನಿವೃತ್ತನಾದೆ. ನಮ್ಮ ಬೇ ಏರಿಯಾದಲ್ಲಿ ಈ ಮಾತು ಹೇಳಿದರೆ ಎದುರಿಗಿದ್ದವರ ಮುಖದಲ್ಲಿ ಮೊದಲು ಗೌರವ ಮೂಡುತ್ತದೆ, ಅದರ ಬೆನ್ನಿಗೇ ಹೊಟ್ಟೆಯುರಿ. "ಯಾವ ಕಂಪನಿ ಗುರೂ? ಐಪಿಒ ಆಯ್ತಾ?" ಎನ್ನುತ್ತಾರೆ. "ಇಲ್ಲ, ಹಳೇ ಸುರಂಗ ಬಡಿಯೋ ಕಂಪನಿ. ಅವರೇ ಕಳಿಸಿದ್ರು" ಎಂದರೆ ಗೌರವವೂ ಹೊಟ್ಟೆಯುರಿಯೂ ಒಟ್ಟಿಗೇ ಇಳಿದು, ಮುಖ ಮತ್ತೆ ಮನುಷ್ಯರ ಮುಖವಾಗುತ್ತದೆ.

ಸಿವಿಲ್ ಓದಿ ಇಲ್ಲಿಗೆ ಬಂದಿರುವ ಹುಡುಗ ಹುಡುಗಿಯರಿಗಾಗಿ ನನ್ನ ಅನುಭವ ಬರೆದುಕೊಡಬೇಕು, ಅದು ಸ್ಫೂರ್ತಿದಾಯಕವಾಗಿರಬೇಕು ಎಂದು ಕನ್ನಡ ಸಂಘದ ಸಂಚಿಕೆಯವರು ಕೇಳಿದ್ದಾರೆ. ಸ್ಫೂರ್ತಿ ಬೇಕಾದವರು ದಯವಿಟ್ಟು ಪುಟ ತಿರುಗಿಸಿ ಮನೆ ಮಾರಾಟದ ಜಾಹೀರಾತು ನೋಡಿ. ಅಲ್ಲಿ ಎಲ್ಲರೂ ನಗುತ್ತಿರುತ್ತಾರೆ. ನಾನು ಎಂಟು ವರ್ಷದಲ್ಲಿ ಮೈಲಿಗಟ್ಟಲೆ ಗೋಡೆ ಬಡಿದಿದ್ದೇನೆ. ಆದರೆ ಹೇಳಬೇಕಾದದ್ದು ಬಡಿಯದೆ ಬಿಟ್ಟ ನಲವತ್ತು ಅಡಿಯ ಬಗ್ಗೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಎಂಟು ವರ್ಷವೂ ನಮ್ಮಮ್ಮನಿಗೆ ಅದು ಅರ್ಥವಾಗಲಿಲ್ಲ. ಲಾಸ್ ಗ್ಯಾಟೋಸಿನ ಮೇಲಿನ ಬೆಟ್ಟಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಒಂದು ರೈಲು ಸುರಂಗವಿದೆ. ರೈಲು ನಿಂತು ಎಷ್ಟೋ ಕಾಲವಾಯಿತು. ಒಳಗೆ ಇಟ್ಟಿಗೆಯ ಕಮಾನು, ಅದರ ಬೆನ್ನಿಗೆ ಬೆಟ್ಟ. ಇಟ್ಟಿಗೆಗೂ ಬಂಡೆಗೂ ನಡುವೆ ಕಲ್ಲು ತುಂಬಿ ಬಿಗಿ ಮಾಡಿರಬೇಕು. ಮಾಡಿದ್ದಾರೋ ಇಲ್ಲವೋ ಎನ್ನುವುದು ಕಟ್ಟಿದವನಿಗೆ ಮಾತ್ರ ಗೊತ್ತು, ಅವನು ಹೇಳುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ನಾವು ಸುತ್ತಿಗೆ ಹಿಡಿದು ಅಂಗೈಯಗಲಕ್ಕೆ ಒಂದರಂತೆ ಬಡಿಯುತ್ತಾ ಹೋಗುತ್ತೇವೆ. ಟಣ್ ಎಂದರೆ ಗಟ್ಟಿ. ದೊಬ್ ಎಂದರೆ ಟೊಳ್ಳು. ಟೊಳ್ಳು ಕಂಡಲ್ಲಿ ಬಣ್ಣದ ಗುರುತು ಹಾಕಿ, ಹಾಳೆಯಲ್ಲಿ ಬರೆದು, ಮುಂದಕ್ಕೆ ಸರಿಯಬೇಕು. ಎರಡು ಎಂ.ಎಸ್. ಪದವಿ, ಮೂರು ಲೈಸೆನ್ಸು ಇಟ್ಟುಕೊಂಡವರೂ ಕೊನೆಗೆ ಮಾಡುವುದು ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರ ಕೆಲಸವನ್ನೇ.

ಈ ಹೋಲಿಕೆ ನನ್ನದಲ್ಲ, ನನ್ನ ಮೇಲಧಿಕಾರಿ ನಂಜೇಗೌಡರದ್ದು. ಮಂಡ್ಯದ ಕಡೆಯವರು, ವಾಸ ಸ್ಯಾನ್ ರಮೋನಿನಲ್ಲಿ. ಮೂವತ್ತು ವರ್ಷದಿಂದ ಆರುನೂರ ಎಂಬತ್ತರ ಫ್ರೀವೇಯಲ್ಲಿ ಎಡಗಡೆಯ ವೇಗದ ಲೇನು ಮುಟ್ಟದೆ ಓಡಾಡಿದ ಮನುಷ್ಯ. ಸುರಂಗ ಗಟ್ಟಿಯಿದೆ ಎನ್ನುವ ಕಾಗದಕ್ಕೆ ಸಹಿ ಹಾಕುವ ಅಧಿಕಾರ ನಮ್ಮಲ್ಲಿ ಅವರೊಬ್ಬರಿಗೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನನ್ನು ನೆವಾರ್ಕಿನ ಇಂಡಿಯನ್ ಗ್ರೋಸರಿಗೆ ಕರೆದುಕೊಂಡು ಹೋಗಿ, ತೆಂಗಿನಕಾಯಿಯ ರಾಶಿಯ ಮುಂದೆ ನಿಲ್ಲಿಸಿದರು.

"ಬಡೀಲಾ. ಒಂದೊಂದೂ ಬಡಿ. ಯಾವ್ದು ಏನಂತದೆ ಅಂತ ಯೋಳು."

ಅರ್ಧ ಗಂಟೆ ಬಡಿದೆ. ಅಂಗಡಿಯ ಗುಜರಾತಿ ಯಜಮಾನ ಬಂದು, ತಗೊಳ್ಳುತ್ತೀರೋ ಅಥವಾ ಇವುಗಳನ್ನು ವಿಚಾರಣೆ ಮಾಡುತ್ತಿದ್ದೀರೋ ಎಂದು ಕೇಳಿದ. ಗೌಡರು ಒಂದು ಕಾಯಿ ಕೊಂಡರು. ಒಡೆದು ನೋಡಿದರೆ ಕೊಳೆತಿತ್ತು. "ಇದ್ನ ನೀನೇ ಗಟ್ಟಿ ಅಂದಿದ್ದು" ಎಂದು ಅದನ್ನು ನನ್ನ ಕೈಗೇ ಕೊಟ್ಟರು.

ನನ್ನ ಕಿವಿಯ ಬಗ್ಗೆ ನನಗೆ ವಿಪರೀತ ಅಹಂಕಾರ. ನಾನು ಮಿಮಿಕ್ರಿ ಮಾಡುವವನು. ಹಾಸನದಲ್ಲಿ ಓದುವಾಗ ಹೆಡ್‌ಮಾಸ್ಟರ ದನಿಯಲ್ಲಿ ರಜೆ ಘೋಷಿಸಿ ಎರಡು ತರಗತಿ ಖಾಲಿ ಮಾಡಿಸಿದ ಇತಿಹಾಸವಿದೆ. ಇಲ್ಲಿಗೆ ಬಂದಮೇಲೆ ಸಂಘದ ಅಧ್ಯಕ್ಷರು ಮೈಕು ಪರೀಕ್ಷಿಸುವುದು, ಎಚ್.ಆರ್. ಹೆಂಗಸು ಕೆಟ್ಟ ಸುದ್ದಿಗೆ ಮೊದಲು ಎಳೆಯುವ ಉಸಿರು, ಎಲ್ಲವನ್ನೂ ಮಾಡುತ್ತಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ರಾಜೇಶ ಬ್ಯಾಟರಿ ಕಾರು ಮಾಡುವ ಕಂಪನಿಯವನು. ಅವನ ಕಾರಿನ ಮಿಮಿಕ್ರಿ ಮಾಡು ಎಂದರೆ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದೆ. ಅದಕ್ಕೇ ಹೆಚ್ಚು ಚಪ್ಪಾಳೆ.

ಇಂಥ ಕಿವಿಯವನು ಎರಡನೇ ವಾರದಲ್ಲಿ ಸುರಂಗದ ಇಪ್ಪತ್ತು ಅಡಿಯನ್ನು ಸಂಪೂರ್ಣ ಟೊಳ್ಳು ಎಂದು ಬರೆದು, ಬೆವರು ಒರೆಸಿಕೊಳ್ಳುತ್ತಾ ಓಡಿಬಂದೆ. ಬೆಟ್ಟ ಇಂದೇ ಕುಸಿಯುತ್ತದೆ ಎನ್ನುವಷ್ಟು ಗಾಬರಿ. ಗೌಡರು ನನ್ನ ಸುತ್ತಿಗೆಯನ್ನು ತೆಗೆದುಕೊಂಡು ಅಲ್ಲಾಡಿಸಿದರು. ತಲೆ ಹಿಡಿಯಲ್ಲಿ ಸಡಿಲವಾಗಿತ್ತು.

"ಸುರಂಗ ಅಲ್ಲ ಕಣ್ಲಾ ಟೊಳ್ಳು."

ಇನ್ನೊಂದು ದಿನ ಸುರಂಗದ ಮಧ್ಯದಲ್ಲಿ ನಿಂತು, ಯಾರೂ ಇಲ್ಲವೆಂದುಕೊಂಡು, ಗೌಡರ ದನಿಯಲ್ಲಿ ಒಂದು ಭಾಷಣವನ್ನೇ ಬಿಗಿದೆ. ಸುರಂಗದಲ್ಲಿ ಮಾತು ಗೋಡೆ ಹಿಡಿದುಕೊಂಡು ಹೋಗುತ್ತದೆ ಎಂಬ ವಿಜ್ಞಾನವನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ಜೀವನಕ್ಕೆ ಅಳವಡಿಸಿಕೊಂಡಿರಲಿಲ್ಲ. ಆಚೆ ಬಾಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಗೌಡರು ಪೂರ್ತಿ ಕೇಳಿಸಿಕೊಂಡಿದ್ದರು. ನಾನು ಹೊರಬಂದಾಗ ಥರ್ಮಾಸಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

"ಮಂಜ, ನನ್ನ ದನಿ ಭೇಷಾಗಿ ಮಾಡ್ತೀಯ ಕಣಪ್ಪ. ಹಂಗೇ ಕೆಲಸಾನೂ ಕಲ್ತುಬುಡು."

ಬೈದಿದ್ದರೆ ಮರೆತುಬಿಡುತ್ತಿದ್ದೆ.

ಸುರಂಗ ಕಟ್ಟಿದ ಕಾಲದ ಎಂಜಿನಿಯರನೊಬ್ಬನ ದಿನಚರಿ ಹಳೆಯ ಕಾಗದಗಳ ಕೋಣೆಯಲ್ಲಿತ್ತು. ಅದರ ನಕಲು ತರಿಸಿಕೊಂಡು ನಾನು ಓದುತ್ತಿದ್ದೆ. ಹೊಸಬರಿಗೆ ನನ್ನ ಒಂದೇ ಗಂಭೀರ ಸಲಹೆ: ಹಳೆಯ ಕಟ್ಟಡ ನೋಡುವ ಮೊದಲು ಕಟ್ಟಿದವರ ಕಾಗದ ಓದಿ, ಓದಿದ್ದನ್ನು ನಂಬಬೇಡಿ. ದಿನಚರಿಯ ಪ್ರಕಾರ ಬೆಟ್ಟದ ಎರಡು ಕಡೆಯಿಂದ ಕೊರೆದರು. ಒಬ್ಬ ಉಕ್ಕಿನ ಸಲಾಕೆ ಹಿಡಿದು ತಿರುಗಿಸುವುದು, ಇಬ್ಬರು ಸುತ್ತಿಗೆಯಲ್ಲಿ ಹೊಡೆಯುವುದು, ತೂತಿಗೆ ಕರಿಮದ್ದು ತುಂಬಿ ಬತ್ತಿ ಹಚ್ಚಿ ಓಡುವುದು. ಬೆಟ್ಟದ ಹೊಟ್ಟೆಯಿಂದ ಎಣ್ಣೆಯ ವಾಸನೆಯ ಗಾಳಿ ಬರುತ್ತಿತ್ತು. ದೀಪದ ಉರಿ ನೀಲಿಯಾದರೆ ಜನ ಕೆಲಸ ಬಿಟ್ಟು ಓಡುತ್ತಿದ್ದರು. ಎಲ್ಲರೂ ಎಲ್ಲ ಸಲವೂ ಹೊರಗೆ ಬರಲಿಲ್ಲ. ಕೊರೆದವರು ಚೀನಾದಿಂದ ಬಂದವರು. ಆದರೆ ದಿನಚರಿಯಲ್ಲಿ ಹೆಸರುಗಳಿರುವುದು ಎಂಜಿನಿಯರನ ಮೂರು ಕುದುರೆಗಳಿಗೆ ಮಾತ್ರ. ಕೊರೆದವರು 'ಚೈನಾ ಗ್ಯಾಂಗ್'. ಸತ್ತರೂ ಗ್ಯಾಂಗೇ.

ಮಿಕ್ಕಂತೆ ಪ್ರತಿದಿನವೂ ಒಂದೇ ವಾಕ್ಯ. ಮಳೆ ಬರಲಿ, ಮಣ್ಣು ಜರಿಯಲಿ, 'ಕೆಲಸ ತೃಪ್ತಿಕರ.' ಮೂಗಿನಿಂದ ಹೊರಡುವ ಒಂದು ದೊರೆದನಿಯನ್ನು ಕಲ್ಪಿಸಿಕೊಂಡು, ಊಟದ ಹೊತ್ತಿನಲ್ಲಿ ನಾನು ಅವನನ್ನು ಮಾಡುತ್ತಿದ್ದೆ. ಕಾಲಿನ ಮೇಲೆ ಕಲ್ಲು ಬಿತ್ತು, ದೊರೆಯೇ! ಕೆಲಸ ತೃಪ್ತಿಕರ. ಬೆಟ್ಟ ಬಿತ್ತು, ದೊರೆಯೇ! ಕೆಲಸ ತೃಪ್ತಿಕರ. ಎಲ್ಲರೂ ನಗುತ್ತಿದ್ದರು. ಊಟವಾದ ಮೇಲೆ ನನ್ನ ಹಾಳೆಯಲ್ಲಿ ನಾನೂ ಬರೆಯುತ್ತಿದ್ದೆ: 'ಸ್ಥಿತಿ ಉತ್ತಮ.'

ಹೀಗಿರುವಾಗ ನಮ್ಮ ಕಸುಬಿಗೂ ಯಂತ್ರ ಬಂತು. ತಂದವರು ಮಂಗಳೂರಿನ ಸುಮನಾ. ಡಾಕ್ಟರೇಟು ಮಾಡಿದವರು, ಮನೆಯಲ್ಲಿ ಕೊಂಕಣಿ, ಮೀಟಿಂಗಿನಲ್ಲಿ ಇಂಗ್ಲಿಷು, ನನ್ನನ್ನು ಬೈಯುವುದಕ್ಕೆ ಕನ್ನಡ. ನಾನು ಸುಮನಕ್ಕ ಎನ್ನುತ್ತಿದ್ದೆ. "ಆಫೀಸಲ್ಲಿ ಅಕ್ಕ ಗಿಕ್ಕ ಬೇಡ ಮಾರಾಯ" ಎಂದು ಅವರು ಪ್ರತಿ ಸಲವೂ ಹೇಳಿ, ಪ್ರತಿ ಸಲವೂ ಓಗೊಡುತ್ತಿದ್ದರು. ಉಪಾಯ ಸರಳವಾದದ್ದು. ಹೆಲ್ಮೆಟ್ಟಿಗೆ ಫೋನು ಸಿಕ್ಕಿಸಬೇಕು. ಒಂದೊಂದು ಬಡಿತವನ್ನೂ ಅದು ಧ್ವನಿಮುದ್ರಿಸುತ್ತದೆ. ಬಡಿದವನು ಗಟ್ಟಿಯೆಂದರೆ ಹಸಿರು ಗುಂಡಿ, ಟೊಳ್ಳೆಂದರೆ ಕೆಂಪು ಗುಂಡಿ ಒತ್ತಬೇಕು. ಸಾವಿರಗಟ್ಟಲೆ ಬಡಿತ ಕೇಳಿ ಕೇಳಿ ಯಂತ್ರ ತಾನೇ ಕಲಿಯುತ್ತದೆ. ಆಮೇಲೆ ಯಾರು ಬಡಿದರೂ ಸರಿ, ಗುಂಡಿ ಒತ್ತುವ ಅಗತ್ಯವಿಲ್ಲ. ತೀರ್ಪು ಯಂತ್ರದ್ದು.

ಹಳಬರು ಹೊಸ ಯಂತ್ರಕ್ಕೆ ಅಡ್ಡ ಬೀಳುತ್ತಾರೆ ಎಂಬ ನಂಬಿಕೆಯಿದೆಯಲ್ಲ, ಇಲ್ಲಿ ತಿರುಗುಮುರುಗಾಯಿತು. ಅಡ್ಡ ಬಿದ್ದವನು ನಾನು. "ಕಿವಿಗೆ ಸಮ ಯಾವುದೂ ಇಲ್ಲ" ಎಂದು ಭಾಷಣ ಮಾಡಿದೆ. ಗೌಡರು ಮಾತ್ರ, "ಬರ್ಲಿ ಬುಡ್ಲಾ, ಒಳ್ಳೇದೇ" ಎಂದರು.

ಯಂತ್ರಕ್ಕೆ ಕಲಿಸಲು ಆರಿಸಿದ್ದು ನಮ್ಮ ಬೆಟ್ಟದ ಸುರಂಗವನ್ನೇ. ಬಡಿಯುವವನು ನಾನು. ಪೂರ್ತಿ ಸುರಂಗ ಪ್ರಾಮಾಣಿಕವಾಗಿ ಬಡಿದೆ, ಇದನ್ನು ದಯವಿಟ್ಟು ನಂಬಿ. ಉಳಿದದ್ದು ಮಧ್ಯಭಾಗದ ನಲವತ್ತು ಅಡಿ. ಅವತ್ತು ಶನಿವಾರ. ಆ ನಲವತ್ತು ಅಡಿಯಲ್ಲಿ ಮೇಲಿನಿಂದ ನೀರು ಜಿನುಗುವುದಲ್ಲ, ಸುರಿಯುತ್ತಿತ್ತು. ಅದೂ ತಣ್ಣಗಿನ, ಸುಣ್ಣದ ನೀರು, ಕತ್ತಿನಿಂದ ಇಳಿದು ಬೂಟಿನಲ್ಲಿ ಸೇರುವಂಥದ್ದು. ಸಂಜೆಗೆ ಸ್ಯಾನ್ ರಮೋನಿನಲ್ಲಿ ರಾಜ್ಯೋತ್ಸವದ ರಿಹರ್ಸಲು, ಅದರಲ್ಲಿ ನನ್ನದು ಇಪ್ಪತ್ತು ನಿಮಿಷ. ಗಂಟಲು ಕೆಟ್ಟರೆ ಕನ್ನಡ ಸಂಸ್ಕೃತಿಯ ಗತಿ ಏನು?

ಹತ್ತು ಹೆಜ್ಜೆ ಈಚೆ, ಒಣಗಿದ ಜಾಗದಲ್ಲಿ ನಿಂತು, ಫೋನನ್ನು ಬಾಯಿಯ ಹತ್ತಿರ ಹಿಡಿದೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟೆ. ಟಣ್. ಹಸಿರು ಗುಂಡಿ. ಇನ್ನೊಂದು. ಟಣ್. ಹಸಿರು. ಮೊದಲು ತಮಾಷೆಗೆ. ಸೋಮವಾರ ಬಂದು ಸರಿಯಾಗಿ ಬಡಿದರಾಯಿತು, ಸುಮನಕ್ಕನಿಗೆ ಕೇಳಿಸಿ ನಗಿಸಿದರಾಯಿತು ಎಂದುಕೊಂಡೆ. ನೂರು ದಾಟಿದ ಮೇಲೆ ಕಲಾವಿದನ ಸೊಕ್ಕು ಹತ್ತಿತು. ಹಿಡಿ ತುಸು ಓರೆಯಾದಾಗಿನ ಟಣ್, ಒದ್ದೆ ಇಟ್ಟಿಗೆಯ ಟಣ್, ಕೈ ಸೋತಾಗಿನ ಟಣ್. ನಲವತ್ತು ಅಡಿಯೂ ಮುಗಿಯಿತು. ಒಂದೇ ಒಂದು ಸಲವೂ ಗೋಡೆ ಮುಟ್ಟಲಿಲ್ಲ.

ಹೊರಗೆ ಗೌಡರು ಹಾಳೆ ಹಿಡಿದು ಕಾಯುತ್ತಿದ್ದರು.

"ಎಲ್ಲಾ ಬಡಿದ್ಯೇನ್ಲಾ?"

"ಬಡ್ದೆ ಸರ್."

"ಏನಂತದೆ?"

"ಎಲ್ಲಾ ಗಟ್ಟಿ ಸರ್."

ಬರೆದುಕೊಂಡರು. ಸೋಮವಾರ ಮೀಟಿಂಗಿತ್ತು. ಮಂಗಳವಾರ ಇನ್ನೊಂದು ಮೀಟಿಂಗು. ಬುಧವಾರ ಸುಮನಾ ನನ್ನ ಮೇಜಿನ ಬಳಿ ಬಂದರು. ಕಣ್ಣಲ್ಲಿ ಹೊಳಪು.

"ಆ ನಲವತ್ತು ಅಡಿ ಉಂಟಲ್ಲ, ಎಷ್ಟು ಚಂದ ಬಂದಿದೆ ಗೊತ್ತುಂಟಾ? ಗೊರಗೊರ ಇಲ್ಲ, ಎಂತ ಇಲ್ಲ. ಅಷ್ಟು ಕ್ಲೀನು ಎಲ್ಲಿಯೂ ಇಲ್ಲ. ನಾನು ಅದನ್ನೇ ಗಟ್ಟಿಗೆ ಸ್ಟ್ಯಾಂಡರ್ಡ್ ಮಾಡಿದೆ."

ಅಂದರೆ ಇನ್ನು ಮೇಲೆ ಯಾವ ಗೋಡೆ ಗಟ್ಟಿ ಎನ್ನುವುದು ನನ್ನ ನಾಲಿಗೆಯ ಸದ್ದನ್ನು ಎಷ್ಟು ಹೋಲುತ್ತದೆ ಎಂಬುದರ ಮೇಲೆ ನಿಂತಿತು. ಅವತ್ತೇ ಹೇಳಬೇಕಿತ್ತು. "ಥ್ಯಾಂಕ್ಯೂ ಸುಮನಕ್ಕ" ಎಂದೆ. ವರ್ಷದ ಕೊನೆಗೆ ನನಗೊಂದು ಗಾಜಿನ ಫಲಕ ಕೊಟ್ಟರು. ಅದರ ಮೇಲೆ ಕೆತ್ತಿದ್ದ ಇಂಗ್ಲಿಷಿನ ಅರ್ಥ, ದತ್ತಾಂಶದ ನಿಷ್ಠೆ. ಅದನ್ನು ಬಚ್ಚಲಮನೆಯಲ್ಲಿಟ್ಟೆ. ಬೇರೆಲ್ಲಿಟ್ಟರೂ ಕಣ್ಣಿಗೆ ಬೀಳುತ್ತಿತ್ತು.

ಸುಮಾರು ಮೂರು ವರ್ಷ ಏನೂ ಆಗಲಿಲ್ಲ. ಮುಚ್ಚಿದ ಸುರಂಗಕ್ಕೆ ಯಾರು ಹೋಗುತ್ತಾರೆ ಎಂದು ಸಮಾಧಾನ ಹೇಳಿಕೊಂಡಿದ್ದೆ. ಆಮೇಲೆ ಸುರಂಗವನ್ನು ತೆರೆದು ಜನ ನಡೆದಾಡುವ ದಾರಿ ಮಾಡುವುದೆಂದು ನಿರ್ಧಾರವಾಯಿತು. ಮೊದಲ ನಡಿಗೆಗೆ ದಿನ ಗೊತ್ತಾಯಿತು. ಊರಿನ ಶಾಲೆಯ ಮಕ್ಕಳು, ಅವರ ಅಪ್ಪಅಮ್ಮಂದಿರು, ನಮ್ಮ ಸಂಘದಿಂದಲೂ ಒಂದು ಗುಂಪು. ಸುಮನಾರ ಯಂತ್ರ ಮುದ್ರಿಸಿಟ್ಟ ಆ ಬಡಿತಗಳನ್ನೇ ಕೇಳಿ ಇಡೀ ಸುರಂಗವನ್ನು ಹಸಿರು ಎಂದಿತು. ಬಾಕಿ ಇದ್ದದ್ದು ಗೌಡರ ಸಹಿ. ಹಾಕುವವರಿದ್ದರು, ಏಕೆಂದರೆ ಯಂತ್ರವೂ ಗಟ್ಟಿ ಎಂದಿತ್ತು, ಮಂಜನೂ ಗಟ್ಟಿ ಎಂದಿದ್ದ. ಎರಡೂ ಒಂದೇ ಬಾಯಿ ಎಂದು ತಿಳಿದಿದ್ದವನು ಭೂಮಿಯ ಮೇಲೆ ನಾನೊಬ್ಬನೇ.

ನಡಿಗೆಗೆ ಎರಡು ವಾರವಿರುವಾಗ, ಭಾನುವಾರ, ಗೌಡರ ಮನೆಯಲ್ಲಿ ಊಟ. ಹೇಳಿಬಿಡಬೇಕೆಂದೇ ಹೋದೆ. ಅವರ ಹೆಂಡತಿ ಜಯಮ್ಮನವರು ಮುದ್ದೆ ಬಡಿಸುತ್ತಿದ್ದರು. ಎಂಟು ವರ್ಷದ ಮೊಮ್ಮಗಳು ತಾರಾ ನಡಿಗೆಗೆಂದು ಕೊಂಡ ಹೊಸ ಹೆಲ್ಮೆಟ್ಟು ಹಾಕಿಕೊಂಡೇ ಊಟಕ್ಕೆ ಕೂತಿದ್ದಳು. ಅದನ್ನು ನೋಡಿ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗಿಟ್ಟೆ.

"ಸರ್," ಎಂದೆ, "ಆ ಮಧ್ಯದ ನಲವತ್ತು ಅಡಿ ನಾನು ಬಡಿದಿಲ್ಲ. ಬಾಯಲ್ಲಿ ಮಾಡಿದ್ದು."

ಜಯಮ್ಮನವರು ಕಿಲಕಿಲ ನಕ್ಕರು.

"ಅಯ್ಯೋ ಇವ್ನ! ಮುಖ ನೋಡು, ಎಷ್ಟು ಸತ್ಯವಾಗಿ ಹೇಳ್ತಾನೆ! ಎಲ್ಲಿ, ಮಾಡು ಮಾಡು, ಹೆಂಗ್ ಮಾಡ್ದೆ?"

"ಅಮ್ಮಾ, ನಿಜವಾಗ್ಲೂ..."

"ಡೂ ಇಟ್ ಅಂಕಲ್!" ಎಂದಳು ತಾರಾ.

ನಾನು ಮಾಡಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ಪ್ರೇಕ್ಷಕರು ಕೇಳಿದರೆ ನನ್ನಂಥವನ ನಾಲಿಗೆ ಸುಮ್ಮನಿರುವುದಿಲ್ಲ. ಟಣ್. ದೊಬ್. ತಾರಾ ಕಣ್ಣು ಮುಚ್ಚಿಕೊಂಡು ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಊಹಿಸಿದಳು. ಎಲ್ಲವೂ ಸರಿಯಾಯಿತು. "ಅಗೇನ್! ಅಗೇನ್!" ಗೌಡರೂ ನಕ್ಕರು. ನನ್ನ ತಪ್ಪೊಪ್ಪಿಗೆಗೆ ಚಪ್ಪಾಳೆ ಬಿತ್ತು. ಕೈತೊಳೆಯುವಾಗ ಕನ್ನಡಿಯಲ್ಲಿ ನೋಡಿಕೊಂಡೆ. ಎಲ್ಲರನ್ನೂ ಅಣಕಿಸಿ ಬದುಕಿದವನ ಮುಖ ಹೀಗಾಗುತ್ತದೆ: ಸತ್ಯ ಹೇಳಿದರೂ ಯಾರದ್ದೋ ಮಿಮಿಕ್ರಿಯಂತೆ ಕಾಣುತ್ತದೆ.

ಸೋಮವಾರ ಬೆಳಿಗ್ಗೆ ಅದನ್ನೇ ಬರೆದು ಮೂವರಿಗೆ ಕಳಿಸಿದೆ: ಗೌಡರಿಗೆ, ಸುಮನಾರಿಗೆ, ಡೈರೆಕ್ಟರಿಗೆ. ಬರವಣಿಗೆಯಲ್ಲಿ ಮುಖ ಕಾಣುವುದಿಲ್ಲವಲ್ಲ. ಹತ್ತು ನಿಮಿಷದಲ್ಲಿ ನಾಲ್ವರೂ ಗಾಜಿನ ಕೋಣೆಯಲ್ಲಿದ್ದೆವು. ಸುಮನಾ ನಂಬಲಿಲ್ಲ.

"ಸಾಧ್ಯವೇ ಇಲ್ಲ. ಮನುಷ್ಯನ ಬಾಯಿ ಅಂತ ಯಂತ್ರಕ್ಕೆ ಗೊತ್ತಾಗ್ತದೆ."

ಯಂತ್ರದ ಫೋನನ್ನು ನನ್ನ ಮುಂದೆ ಇಟ್ಟರು. ನಾಲಿಗೆ ಒಣಗಿತ್ತು, ನೀರು ಕುಡಿದೆ. ಟಣ್ ಎಂದೆ. ಪರದೆ ಹಸಿರಾಯಿತು. ಮತ್ತೊಮ್ಮೆ. ಹಸಿರು. ಇಷ್ಟು ವರ್ಷದಲ್ಲಿ ನನ್ನನ್ನು ಗಟ್ಟಿ ಮನುಷ್ಯ ಎಂದು ಒಪ್ಪಿಕೊಂಡದ್ದು ಅದೊಂದೇ. ಸುಮನಾ ಸುತ್ತಿಗೆ ತರಿಸಿ ಕಾಂಕ್ರೀಟಿನ ಕಂಬಕ್ಕೆ ತಾವೇ ಬಡಿದರು. ಯಂತ್ರ ಸ್ವಲ್ಪ ಯೋಚಿಸಿ, ಹಳದಿ ತೋರಿಸಿತು. ನಿಜವಾದ ಗಟ್ಟಿಯ ಮೇಲೆ ಅದಕ್ಕೆ ಅನುಮಾನ ಬಂದಿತ್ತು.

ಅವರು ಕುರ್ಚಿಯಲ್ಲಿ ಕೂತರು. "ಮೂರು ವರ್ಷ ಮಾರಾಯ," ಎಂದರು ಮೆಲ್ಲಗೆ. "ಮೂರು ವರ್ಷ ನಾನು ನಿನ್ನ ಬಾಯಿಗೆ ಗಣಿತ ಹೇಳಿಕೊಟ್ಟೆ."

ಆಮೇಲೆ ಧ್ವನಿಮುದ್ರಣಗಳನ್ನು ಒಂದೊಂದಾಗಿ ಹಾಕಿ, ಯಾವುದು ಬಾಯಿ, ಯಾವುದು ಸುತ್ತಿಗೆ ಎಂದು ಕೇಳಿದರು. ಮೊದಲ ಹತ್ತು ಹೇಳಿದೆ. ಹನ್ನೊಂದನೆಯದಕ್ಕೆ ತಡವರಿಸಿದೆ. ಅಲ್ಲಿಂದ ಮುಂದೆ ನನಗೇ ತಿಳಿಯಲಿಲ್ಲ. ಫೈಲುಗಳ ಹೆಸರೂ ನಡುವೆ ಅದಲುಬದಲಾಗಿತ್ತು. ಅಂದರೆ ನಲವತ್ತು ಅಡಿ ಮಾತ್ರವಲ್ಲ, ಇಡೀ ಸುರಂಗದ ಹಸಿರೇ ಸುಳ್ಳಾಯಿತು.

ಡೈರೆಕ್ಟರು ಸಿಟ್ಟಾಗುವುದಿಲ್ಲ. ಸಿಟ್ಟಾಗಬಾರದೆಂದು ಅವರು ಕೋರ್ಸು ಮಾಡಿದ್ದಾರೆ. ಎರಡೂ ಕೈ ಜೋಡಿಸಿ, ಇದನ್ನು ತಪ್ಪು ಎನ್ನುವುದು ಬೇಡ, ಕಲಿಕೆ ಎನ್ನೋಣ ಎಂದರು. ಕರೆಯೋಲೆ ಹೋಗಿದೆ, ನಡಿಗೆ ಒಂದು ಗಂಟೆಯದ್ದು, ಇಷ್ಟು ಕಾಲ ನಿಂತ ಸುರಂಗ ಇನ್ನೊಂದು ಗಂಟೆ ನಿಲ್ಲುವುದಿಲ್ಲವೇ, ನಡಿಗೆ ಮುಗಿದ ಮೇಲೆ ಸದ್ದಿಲ್ಲದೆ ಮತ್ತೆ ಬಡಿಸಿದರಾಯಿತು ಎಂದರು. ಅವರ ದನಿ ನನಗೆ ಎಲ್ಲೋ ಕೇಳಿದಂತೆ ಅನ್ನಿಸಿತು. ಕುದುರೆಗಳಿಗೆ ಹೆಸರಿಟ್ಟವನು ಮಾತಾಡಿದ್ದರೆ ಹೀಗೇ ಮಾತಾಡುತ್ತಿದ್ದ.

ಗೌಡರು ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟರು.

"ನೋ ಟ್ಯಾಪು, ನೋ ಸೈನು" ಎಂದರು. ಮಂಡ್ಯದ ಇಂಗ್ಲಿಷು. ಡೈರೆಕ್ಟರು ಜೋಡಿಸಿದ್ದ ಕೈ ಬಿಡಿಸಿ ಕ್ಯಾಲೆಂಡರು ತೆರೆದರು.

ನಡಿಗೆ ರದ್ದಾಯಿತು. ಸಂಘದ ವಾಟ್ಸಾಪಿನಲ್ಲಿ ನನ್ನ ಹೆಸರು ಟಣ್ ಮಂಜ ಎಂದಾಯಿತು. ತಾರಾ ನನ್ನೊಂದಿಗೆ ಮಾತು ಬಿಟ್ಟಳು. ಮರುದಿನವೇ ಎಚ್.ಆರ್. ಹೆಂಗಸು ಕರೆದು, ಆ ಉಸಿರು ಎಳೆದುಕೊಂಡರು. ಎಂಟು ವರ್ಷ ನಾನು ಆ ಉಸಿರನ್ನು ಮಾಡಿ ಜನರನ್ನು ನಗಿಸಿದ್ದೆ. ಎದುರಿಗೆ ಕೂತು ಕೇಳಿದ್ದು ಅದೇ ಮೊದಲು. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುತ್ತಿದ್ದೇವೆ ಎಂದರು. ಒಪ್ಪಿದೆ. ಒಂದೇ ಷರತ್ತು ಗೌಡರದ್ದು: ಸುರಂಗ ಪೂರ್ತಿ ಮತ್ತೆ ಬಡಿದು ಮುಗಿಯುವವರೆಗೆ ನಾನು ಇರಬೇಕು, ಬಡಿಯುವವನು ನಾನೇ ಆಗಬೇಕು.

ಮೊದಲು ಹೋದದ್ದು ಆ ನಲವತ್ತು ಅಡಿಗೆ. ನೀರು ಎಂದಿನಂತೆ ಸುರಿಯುತ್ತಿತ್ತು. ಸುಮನಾ ದೀಪ ಹಿಡಿದಿದ್ದರು, ಗೌಡರು ಹಾಳೆ. ನಾನು ಅಟ್ಟಣಿಗೆ ಹತ್ತಿ ಸುತ್ತಿಗೆ ಬೀಸಿದೆ. ದೊಬ್. ಪಕ್ಕಕ್ಕೆ. ದೊಬ್. ತಲೆಯ ಮೇಲಿನ ಕಮಾನು ಒಂದು ತುದಿಯಿಂದ ಇನ್ನೊಂದು ತುದಿಗೆ ಡೊಳ್ಳಿನ ಹಾಗೆ ಮಾತಾಡಿತು. ಕೊರೆಯುವ ಯಂತ್ರ ತರಿಸಿದೆವು. ನಕ್ಷೆಯ ಪ್ರಕಾರ ನಾಲ್ಕು ಸಾಲು ಇಟ್ಟಿಗೆ ಇರಬೇಕಿತ್ತು. ಒಂದು ಸಾಲು ದಾಟುತ್ತಿದ್ದಂತೆ ಅದರ ಮೊನೆ ಖಾಲಿ ಗಾಳಿಯಲ್ಲಿ ತಿರುಗಿತು. ತೂತಿನೊಳಗೆ ಸಣ್ಣ ಕ್ಯಾಮರಾ ಬಿಟ್ಟು ನೋಡಿದರೆ, ಕಲ್ಲು ತುಂಬಬೇಕಾದ ಜಾಗದಲ್ಲಿ ಕರಿಮದ್ದಿನ ಖಾಲಿ ಮರದ ಪೀಪಾಯಿಗಳು, ಒಂದರ ಮೇಲೊಂದು ಒಪ್ಪವಾಗಿ. ಅರ್ಧ ಕೊಳೆತಿದ್ದವು. ಅವುಗಳ ಮೇಲೆ, ಯಾವುದಕ್ಕೂ ಅಂಟಿಕೊಳ್ಳದೆ, ಬೆಟ್ಟದ ಒಂದು ಚೂರು ಕೂತಿತ್ತು. ಲಾರಿಯಷ್ಟು ದೊಡ್ಡ ಚೂರು.

ದಿನಚರಿಯಲ್ಲಿ ಆ ವಾರದ ಪುಟ ತೆಗೆದು ನೋಡಿದೆ. ಏನಿತ್ತೆಂದು ನಿಮಗೆ ಗೊತ್ತು. ಅವತ್ತು ಆ ದೊರೆಯ ಮಿಮಿಕ್ರಿ ಮಾಡಲು ಸುಮನಾ ಕೇಳಲಿಲ್ಲ, ನಾನೂ ಮಾಡಲಿಲ್ಲ. ಅವನೂ ಬಹುಶಃ ಯಾವುದೋ ಸಂಜೆಯ ಔತಣಕ್ಕೆ ಹೊರಟಿದ್ದ.

ಆ ಜಾಗವನ್ನು ಮರದ ದಿಮ್ಮಿಗಳಿಂದ ಆಸರೆ ಕೊಟ್ಟು ನಿಲ್ಲಿಸಿ, ಉಳಿದ ಸುರಂಗಕ್ಕೆ ತಿರುಗಿದೆವು. ಸುಮನಾ ಹೊಸ ಯಂತ್ರ ಕಟ್ಟಲು ಆಫೀಸಿಗೆ ಹೋದರು. ಹೋಗುವಾಗ, "ಈ ಸಲ ಫೋನು ನಿನ್ನ ಹೆಲ್ಮೆಟ್ಟಿಗಲ್ಲ, ಸುತ್ತಿಗೆಗೆ ಕಟ್ತೇನೆ" ಎಂದರು. ಗೌಡರೂ ನಾನೂ ಇಬ್ಬರೇ ಉಳಿದೆವು. ಮೂರು ದಿನ ಅವರು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಬಡಿ. ಏನಂತದೆ? ಗಟ್ಟಿ. ಬಡಿ. ನಾಲ್ಕನೆಯ ದಿನ ನನಗೆ ತಡೆಯಲಾಗಲಿಲ್ಲ.

"ಸರ್, ನನ್ನ ಮಾತು ಕೇಳಿ ಯಾಕೆ ಬರೀತೀರಿ? ಒಂದು ಸಲ ಸುಳ್ಳು ಹೇಳ್ದೋನು ನಾನು. ನಾನು ಬಡೀತೀನಿ, ಕೇಳಿ ನೋಡಿ ನೀವೇ ಬರ್ಕೊಳ್ಳಿ."

ಅವರು ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ನಂಗೆ ಕೇಳಕ್ಕಿಲ್ಲ ಕಣ್ಲಾ."

ಅರ್ಥವಾಗಲಿಲ್ಲ.

"ಮಾತು ಕೇಳ್ತದೆ. ಗಾಡಿ ಕೇಳ್ತದೆ. ಸುತ್ತಿಗೆ ಟಣ್ ಅನ್ನೋದು, ದೊಬ್ ಅನ್ನೋದು, ಎರಡೂ ಒಂದೇ ನಂಗೆ. ಚಿಕ್ಕ ವಯಸ್ಸಿನಲ್ಲಿ ಕೊರೆಯೋ ಯಂತ್ರದ ಪಕ್ಕ ಕಿವಿಗೇನೂ ಇಟ್ಕಳ್ದೆ ನಿಂತಿದ್ದು. ನೀನು ಸೇರ್ಕಳೋ ಹೊತ್ಗೇ ಹೋಗಿತ್ತು."

"ಮತ್ತೆ ಇಷ್ಟು ವರ್ಷ?"

"ನೀನು ಅಂದಿದ್ದ ಬರ್ದೆ."

ಮೇಲಿನಿಂದ ಒಂದು ಹನಿ ಅವರ ಹಾಳೆಯ ಮೇಲೆ ಬಿತ್ತು. ಅಂಗಿಯ ತುದಿಯಿಂದ ಒತ್ತಿಕೊಂಡರು.

"ಯಂತ್ರ ಬರ್ಲಿ ಅಂದಿದ್ದೂ ಅದ್ಕೇಯ. ನಾನು ಸಹಿ ಹಾಕ್ದಾಗ ನಿನ್ ಜೊತೆ ಇನ್ನೊಂದು ಕಿವಿ ಇರ್ಲಿ ಅಂತ. ನೀನು ಅದ್ನೂ ನುಂಗ್ದೆ."

ಈ ಮಾತನ್ನು ನಾನು ಎಷ್ಟೋ ಸಲ ಅವರ ದನಿಯಲ್ಲಿ ಹೇಳಿ ನೋಡಿದ್ದೇನೆ, ಒಬ್ಬನೇ ಕಾರಿನಲ್ಲಿ. ಬರುವುದಿಲ್ಲ. ಎಲ್ಲೋ ಒಂದು ಕಡೆ ನನ್ನ ದನಿಯೇ ಆಗಿಬಿಡುತ್ತದೆ.

ಅವರು ಪೆನ್ನಿನಿಂದ ಗೋಡೆ ತೋರಿಸಿದರು.

"ಬಡಿ."

ಬಡಿದೆ. ಗೋಡೆಗೆ ಕಿವಿ ಹಚ್ಚಿದೆ. ಇನ್ನೊಮ್ಮೆ ಬಡಿದೆ, ಅದರ ಪಕ್ಕದಲ್ಲಿ ಇನ್ನೊಮ್ಮೆ. ಸುಮಾರು ಹೊತ್ತು ತೆಗೆದುಕೊಂಡೆ.

"ಏನಂತದೆ?"

"ಗಟ್ಟಿ ಸರ್."

ಅವರು ತಲೆಯೆತ್ತಿ ನನ್ನ ಮುಖ ನೋಡಲಿಲ್ಲ. ಬರೆದುಕೊಂಡರು.